ಹೊಲದ ಊಟ, ಕುರ್ಚಿಯ ಬದುಕು

ಊಟ ಬಲ್ಲವನಿಗೆ ರೋಗವಿಲ್ಲವೆಂಬ ನಾಣ್ಣುಡಿಯನ್ನು ಕೇಳದ ಕನ್ನಡಿಗರಿಲ್ಲ. ಆದರೆ ಊಟವನ್ನು ಬಲ್ಲೆನೆಂದರೆ ಏನನ್ನು ಬಲ್ಲಂತೆ ಎಂದು ವಿಚಾರಿಸುವವರು ವಿರಳ. ರುಚಿಯನ್ನು ಬಲ್ಲೆವು, ಹಬ್ಬಕ್ಕೊಂದು ಅಡುಗೆಯನ್ನು ಬಲ್ಲೆವು, ಯಾವುದು ಉಷ್ಣ ಯಾವುದು ತಂಪು ಎಂಬುದನ್ನೂ ಬಲ್ಲೆವು. ನಮ್ಮ ದೇಹವು ದಿನವೊಂದಕ್ಕೆ ಎಷ್ಟನ್ನು ವ್ಯಯಿಸುತ್ತದೆ, ನಾವು ಅದಕ್ಕೆ ಎಷ್ಟನ್ನು ತುಂಬುತ್ತೇವೆ ಎಂಬ ಲೆಕ್ಕವನ್ನು ಮಾತ್ರ ಅರಿಯೆವು. ಮನೆಯ ಜಮಾ-ಖರ್ಚನ್ನು ಪೈಸೆ ಬಿಡದೆ ಬರೆದಿಡುವ ಸದ್ಗೃಹಸ್ಥರೂ ಈ ಒಂದು ಲೆಕ್ಕದಲ್ಲಿ ಮೈಮರೆಯುತ್ತಾರೆ. ನಲವತ್ತು ದಾಟಿದ ಮೇಲೆ ಆ ಮರೆವಿನ ಫಲ ಸೊಂಟದ ಸುತ್ತ ಕಾಣಿಸಿಕೊಳ್ಳುತ್ತದೆ.

ಈ ಮಾತನ್ನು ನಾವು ಪರರ ಕಡೆಗೆ ಬೆರಳು ಮಾಡಿ ಹೇಳುತ್ತಿಲ್ಲ, ಸ್ವಾನುಭವದಿಂದ ಹೇಳುತ್ತಿದ್ದೇವೆ. ನಮ್ಮ ತಂದೆಯವರು ಒಕ್ಕಲುತನದವರು. ನಸುಕಿನಲ್ಲಿ ಎದ್ದು ಹೊಲಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಮರಳುತ್ತಿದ್ದರು. ಐದಾರು ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮೇಲೆ ಅನ್ನ ಮಜ್ಜಿಗೆ ಅವರ ಒಂದು ಹೊತ್ತಿನ ಊಟ. ಎಂಬತ್ತು ದಾಟಿಯೂ ಅವರ ಹೊಟ್ಟೆ ಬೆನ್ನಿಗೆ ಹತ್ತಿಕೊಂಡೇ ಇತ್ತು. ನಮ್ಮ ಅಣ್ಣನವರು ಪೇಟೆಯಲ್ಲಿ ದಲಾಲಿ ಅಂಗಡಿ ಇಟ್ಟರು. ಊಟ ತಂದೆಯವರದೇ, ದುಡಿಮೆ ಮಾತ್ರ ಗಾದಿಯ ಮೇಲೆ ಕುಳಿತು ಮಾಡುವಂಥದು. ಐವತ್ತೇಳನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ಅವರು ಲಿಂಗೈಕ್ಯರಾದರು. ಅದಕ್ಕೆ ಇದೊಂದೇ ಕಾರಣವೆಂದು ನಾವು ಹೇಳಲಾರೆವು. ಆದರೆ ಆ ವರ್ಷ ನಾವೂ ಅಂಜಿ ವೈದ್ಯರ ಬಳಿಗೆ ಹೋದಾಗ ನಮ್ಮ ಸೊಂಟದ ಸುತ್ತಳತೆ 98 ಸೆಂಟಿಮೀಟರ್ ಇದ್ದಿತು. ರಕ್ತದಲ್ಲಿಯ ಸಕ್ಕರೆ ಗಡಿಯನ್ನು ಮುಟ್ಟಿದ್ದಿತು. ವೈದ್ಯರು ಔಷಧಿ ಬರೆಯುವ ಮುನ್ನ ಒಂದೇ ಪ್ರಶ್ನೆ ಕೇಳಿದರು: "ಗುರುಗಳೇ, ತಾವು ದಿನಕ್ಕೆ ಎಷ್ಟು ತಾಸು ಕುಳಿತಿರುತ್ತೀರಿ?" ಪಾಠ, ಓದು, ಬರೆಹ, ಪ್ರವಚನ, ಎಲ್ಲವನ್ನೂ ಕೂಡಿಸಿದಾಗ ಹನ್ನೊಂದು ತಾಸಾಯಿತು.

ಎಂಟು ರೊಟ್ಟಿಯ ಅಂತರ

ಆಹಾರದ ಶಕ್ತಿಯನ್ನು ಅಳೆಯುವ ಮಾನಕ್ಕೆ ಕ್ಯಾಲೊರಿ ಎಂದು ಹೆಸರು. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಕಾಯಿಸಲು ಬೇಕಾಗುವ ಶಾಖವೇ ಆಹಾರಶಾಸ್ತ್ರದ ಒಂದು ಕ್ಯಾಲೊರಿ. ಒಂದು ಗ್ರಾಂ ಪಿಷ್ಟದಿಂದ 4, ಒಂದು ಗ್ರಾಂ ಪ್ರೋಟೀನಿನಿಂದ 4, ಒಂದು ಗ್ರಾಂ ಎಣ್ಣೆ ಅಥವಾ ತುಪ್ಪದಿಂದ 9 ಕ್ಯಾಲೊರಿ ದೊರೆಯುತ್ತದೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಪರಿಮಾಣಗಳ ಪ್ರಕಾರ, 65 ಕಿಲೋ ತೂಕದ ಗಂಡಸು ಕಠಿಣ ಶ್ರಮದ ದುಡಿಮೆ ಮಾಡುವವನಾಗಿದ್ದರೆ ಅವನಿಗೆ ದಿನಕ್ಕೆ 3,470 ಕ್ಯಾಲೊರಿ ಬೇಕು. ಕುಳಿತು ಮಾಡುವ ಉದ್ಯೋಗದವನಾಗಿದ್ದರೆ 2,110 ಸಾಕು. 55 ಕಿಲೋ ತೂಕದ ಹೆಣ್ಣುಮಗಳಿಗೆ ಈ ಅಂಕಿಗಳು ಕ್ರಮವಾಗಿ 2,720 ಮತ್ತು 1,660. ಗಂಡಸಿನ ಲೆಕ್ಕದಲ್ಲಿ ಅಂತರ 1,360 ಕ್ಯಾಲೊರಿ. ಐವತ್ತು ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 165 ಕ್ಯಾಲೊರಿ ಇರುವುದರಿಂದ ಇದು ಎಂಟು ರೊಟ್ಟಿಗಳಿಗೆ ಸಮ. ಹೊಲವನ್ನು ಬಿಟ್ಟು ಕುರ್ಚಿಗೆ ಬಂದ ನಾವು ಆ ಎಂಟು ರೊಟ್ಟಿಯ ಭಾಗವನ್ನು ತಾಟಿನಿಂದ ಇಳಿಸಲಿಲ್ಲ. ನಮ್ಮ ಸಮಾಜದ ಎಷ್ಟೋ ಮನೆತನಗಳ ಕಥೆ ಇಷ್ಟೇ ಆಗಿದೆ.

"ವಯಸ್ಸಾಯಿತು, ಜಠರಾಗ್ನಿ ಮಂದವಾಯಿತು, ಅದಕ್ಕೇ ಮೈ ಬರುತ್ತದೆ" ಎಂದು ಸಮಾಧಾನ ಹೇಳಿಕೊಳ್ಳುವವರುಂಟು. ನಾವೂ ಹಾಗೆಯೇ ನಂಬಿದ್ದೆವು. 2021ರಲ್ಲಿ ಹರ್ಮನ್ ಪಾಂಟ್ಸರ್ ಮತ್ತು ಅವರ ಸಂಗಡಿಗರು 29 ದೇಶಗಳ 6,400ಕ್ಕೂ ಹೆಚ್ಚು ಜನರ ಶಕ್ತಿವ್ಯಯವನ್ನು ಅಳೆದ ವಿವರವನ್ನು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ದೇಹದ ಗಾತ್ರಕ್ಕೆ ಹೊಂದಿಸಿ ನೋಡಿದಾಗ, ಇಪ್ಪತ್ತರಿಂದ ಅರವತ್ತರ ವಯಸ್ಸಿನವರೆಗೆ ಆ ವ್ಯಯವು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆಂದೂ ಅರವತ್ತರ ನಂತರವೇ ಮೆಲ್ಲನೆ ಇಳಿಯುತ್ತದೆಂದೂ ಕಂಡುಬಂದಿತು. ಹಾಗಾದರೆ ನಲವತ್ತೈದರಲ್ಲಿ ಏರುವ ತೂಕಕ್ಕೆ ವಯಸ್ಸನ್ನಷ್ಟೇ ದೂರುವುದು ನ್ಯಾಯವಲ್ಲ. ಬದಲಾದುದು ಮುಖ್ಯವಾಗಿ ನಮ್ಮ ನಡೆ. ನಡೆಯನ್ನು ತಿದ್ದಿಕೊಳ್ಳಲು ಸಾಧ್ಯವೆಂಬುದೇ ಇದರಲ್ಲಿಯ ಶುಭವಾರ್ತೆ.

ದುಡಿಮೆಯ ರೀತಿ ಹೃದಯವನ್ನು ಹೇಗೆ ಮುಟ್ಟುತ್ತದೆಂಬುದಕ್ಕೆ ದೂರದ ಲಂಡನ್ನಿನ ಒಂದು ನಿದರ್ಶನವುಂಟು. ಅಲ್ಲಿಯ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವಿಡೀ ಕುಳಿತಿರುತ್ತಿದ್ದನು. ನಿರ್ವಾಹಕನು ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದನು. ಜೆರ್ರಿ ಮಾರಿಸ್ ಎಂಬ ವೈದ್ಯರು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿರ್ವಾಹಕರಿಗೆ ಹೃದಯಾಘಾತದ ಬಾಧೆ ಚಾಲಕರಿಗಿಂತ ಬಹಳ ಕಡಿಮೆಯಿತ್ತು. ಅದನ್ನು ಓದಿದಾಗ ನಮಗೆ ತಂದೆಯವರೂ ಅಣ್ಣನವರೂ ಒಟ್ಟಿಗೆ ನೆನಪಾದರು.

ತಾಟಿನ ಲೆಕ್ಕ

ರೊಟ್ಟಿ ತಿಂದರೆ ಮೈ ಬರುವುದಿಲ್ಲ, ಅನ್ನ ತಿಂದರೆ ಬರುತ್ತದೆ ಎಂಬ ನಂಬಿಕೆ ನಮ್ಮ ಕಡೆಗೆ ಬಲವಾಗಿದೆ. ಇದು ಅರ್ಧ ಸತ್ಯ. ಐವತ್ತು ಗ್ರಾಂ ಅಕ್ಕಿಯಲ್ಲಿಯೂ ಐವತ್ತು ಗ್ರಾಂ ಜೋಳದಲ್ಲಿಯೂ ಇರುವ ಕ್ಯಾಲೊರಿಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಜೋಳದ ಹಿರಿಮೆಯಿರುವುದು ನಾರಿನಲ್ಲಿ: ಪಾಲಿಶ್ ಮಾಡಿದ ಅಕ್ಕಿಗಿಂತ ಮೂರು ಪಟ್ಟಿಗೂ ಹೆಚ್ಚು ನಾರು ಅದರಲ್ಲಿದೆ. ನಾರಿನಿಂದ ಹೊಟ್ಟೆ ಬೇಗ ತುಂಬಿದಂತಾಗುತ್ತದೆ, ಸಕ್ಕರೆ ರಕ್ತಕ್ಕೆ ಮೆಲ್ಲನೆ ಸೇರುತ್ತದೆ. ಆದರೆ ರೊಟ್ಟಿಯೆಂಬ ಕಾರಣಕ್ಕೆ ಎರಡು ಹೆಚ್ಚು ತಿಂದರೆ ಆ ಲಾಭವೂ ಕೈತಪ್ಪುತ್ತದೆ.

ಕಣ್ಣಿಗೆ ಬೀಳದ ಖರ್ಚುಗಳನ್ನೂ ನೋಡೋಣ. ಎರಡೆರಡು ಚಮಚ ಸಕ್ಕರೆಯ ನಾಲ್ಕು ಕಪ್ಪು ಚಹಾದಲ್ಲಿ ಹಾಲನ್ನು ಬಿಟ್ಟು ಸಕ್ಕರೆಯದೇ 160 ಕ್ಯಾಲೊರಿ. ಅದು ಒಂದು ರೊಟ್ಟಿ. ಮಾತಾಡುತ್ತ ಬಾಯಿಗೆ ಹಾಕಿಕೊಳ್ಳುವ ಒಂದು ಹಿಡಿ ಶೇಂಗಾ ಇನ್ನೊಂದು ರೊಟ್ಟಿ. ತುಪ್ಪ ಸುರಿದುಕೊಂಡ ಒಂದು ಹೋಳಿಗೆ, ಬೇಳೆ, ಬೆಲ್ಲ, ಕಣಕಗಳನ್ನು ತೂಗಿ ನಾವು ಲೆಕ್ಕ ಹಾಕಿದಂತೆ, ಸುಮಾರು ಎರಡು ರೊಟ್ಟಿ. ಇವಾವುವೂ ವರ್ಜ್ಯವಲ್ಲ. ಶೇಂಗಾದಲ್ಲಿ ಪ್ರೋಟೀನಿದೆ, ಹೋಳಿಗೆಯಲ್ಲಿ ಹಬ್ಬವಿದೆ. ತಿಂದುದನ್ನು ಲೆಕ್ಕಕ್ಕೆ ಸೇರಿಸಬೇಕೆಂಬುದಷ್ಟೇ ನಮ್ಮ ಅಭಿಪ್ರಾಯ.

ಇಲ್ಲಿ ನಮ್ಮ ಮನೆಗಳ ಒಂದು ವಿಶೇಷ ತೊಡಕನ್ನು ಹೇಳಲೇಬೇಕು. ತಾಟಿಗೆ ಬಂದುದು ಪ್ರಸಾದ. ಅದನ್ನು ಚೆಲ್ಲಬಾರದೆಂಬುದು ನಮಗೆ ಬಾಲ್ಯದಿಂದ ಬಂದ ಸಂಸ್ಕಾರ. ಮಠದ ಪ್ರಸಾದನಿಲಯದಲ್ಲಿ ಓದುವಾಗ ಒಂದು ಅಗುಳನ್ನೂ ಬಿಟ್ಟೇಳುತ್ತಿರಲಿಲ್ಲ. ಆ ಸಂಸ್ಕಾರ ಉಳಿಯಬೇಕು. ಆದರೆ ಬೀಗರ ಮನೆಯಲ್ಲಿ ಒತ್ತಾಯದಿಂದ ನೀಡಿಸಿಕೊಂಡು, ಬಿಡಬಾರದೆಂದು ಕಷ್ಟಪಟ್ಟು ಉಣ್ಣುವುದು ಪ್ರಸಾದಕ್ಕೆ ತೋರುವ ಗೌರವವಲ್ಲ. ಮಿತಿಯನ್ನು ಉಣ್ಣುವಾಗಲ್ಲ, ನೀಡಿಸಿಕೊಳ್ಳುವಾಗಲೇ ಗೊತ್ತುಮಾಡಬೇಕು. ನೀಡುವ ತಾಯಂದಿರೂ ಒಂದು ಸಾರೆ ಕೇಳಿ, ಬೇಡವೆಂದರೆ ಕೈ ಹಿಂದೆಗೆಯುವುದನ್ನು ಪ್ರೀತಿಯ ಲಕ್ಷಣವೆಂದೇ ಎಣಿಸಬೇಕು.

ಆ ತಾಯಂದಿರ ಸಂಗತಿಯೇ ಬೇರೆ. ಎಲ್ಲರೂ ಉಂಡೆದ್ದ ಮೇಲೆ ಬೋಗುಣಿಯಲ್ಲಿ ಉಳಿದ ಅರ್ಧ ರೊಟ್ಟಿ, ಒಂದು ಹಿಡಿ ಅನ್ನ, ಮೊಮ್ಮಗು ಬಿಟ್ಟ ಉಪ್ಪಿಟ್ಟು, ಎಲ್ಲವೂ ಕೆಡಬಾರದೆಂದು ಅವರ ಪಾಲಿಗೆ ಬರುತ್ತದೆ. ನಮ್ಮ ಮನೆಯವರು ಎಷ್ಟೋ ವರ್ಷ ಹೀಗೆಯೇ ಉಂಡರು. ಆ ಬಳಿಕ ಅವರಿಗೂ ಮೊಣಕಾಲು ನೋವು, ರಕ್ತದೊತ್ತಡ ಬಂದುವು. ಈಗ ನಮ್ಮಲ್ಲಿ ಅಳೆದು ಅಡುಗೆ ಮಾಡುತ್ತಾರೆ, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುತ್ತೇವೆ. ತಾಟಿನ ಅರ್ಧ ಭಾಗ ಪಲ್ಯ, ಸೊಪ್ಪು, ಪಚ್ಚಡಿ; ಕಾಲು ಭಾಗ ರೊಟ್ಟಿ ಇಲ್ಲವೆ ಅನ್ನ; ಇನ್ನುಳಿದ ಕಾಲು ಭಾಗ ಬೇಳೆ, ಕಾಳು, ಮೊಸರು. ದಿನವೂ ತಕ್ಕಡಿ ಹಿಡಿಯುವ ಅವಶ್ಯಕತೆ ಇದರಿಂದ ತಪ್ಪಿದೆ.

ಮೈಗೆ ದುಡಿಮೆ

ಊಟವನ್ನು ಹಾಗೆಯೇ ಇಟ್ಟುಕೊಂಡು ನಡಿಗೆಯಿಂದಲೇ ಕರಗಿಸುತ್ತೇವೆನ್ನುವವರಿಗೆ ಒಂದು ಮಾತು. ಅರ್ಧ ತಾಸು ಬಿರುಸಾಗಿ ನಡೆದರೆ 65 ಕಿಲೋ ತೂಕದವರಿಗೆ ವ್ಯಯವಾಗುವುದು ಸುಮಾರು 130 ಕ್ಯಾಲೊರಿ. ಒಂದು ರೊಟ್ಟಿಯೂ ಕರಗಲಿಲ್ಲ. ನಡಿಗೆ ಮುಗಿಸಿ ಹೋಟೆಲಿನಲ್ಲಿ ವಡೆ ತಿಂದು ಬರುವ ಮಿತ್ರರು ಇದನ್ನು ಮನಗಾಣಬೇಕು. ತೂಕ ಇಳಿಯುವುದು ಮುಖ್ಯವಾಗಿ ತಾಟಿನಲ್ಲಿ.

ಹಾಗಾದರೆ ನಡೆಯುವುದೇಕೆ? ದುಡಿಯುವ ಸ್ನಾಯುಗಳು ರಕ್ತದಲ್ಲಿಯ ಸಕ್ಕರೆಯನ್ನು ಹೀರಿಕೊಳ್ಳುತ್ತವೆ, ರಕ್ತದೊತ್ತಡ ಇಳಿಯುತ್ತದೆ, ನಿದ್ರೆ ಸುಧಾರಿಸುತ್ತದೆ, ಇಳಿದ ತೂಕ ಮರಳಿ ಏರದಂತೆ ತಡೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಕೊಟ್ಟ ಸೂಚನೆಯಂತೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ ಬೇಕು. ಮಾತಾಡಲು ಬರುವಷ್ಟು, ಆದರೆ ಹಾಡಲು ಬಾರದಷ್ಟು ಉಸಿರೇರುವ ನಡಿಗೆಯೇ ಮಧ್ಯಮ ವ್ಯಾಯಾಮ. ಇದರೊಡನೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳನ್ನು ಬಲಪಡಿಸುವ ಕಸರತ್ತು ಮಾಡಬೇಕೆಂದು ಆ ಸಂಸ್ಥೆ ಹೇಳಿದೆ.

ಈ ಎರಡನೆಯ ಮಾತನ್ನು ನಮ್ಮವರು ಲಕ್ಷಿಸುವುದಿಲ್ಲ. ಮೂವತ್ತರ ನಂತರ ದುಡಿಸದ ಸ್ನಾಯು ಹತ್ತು ವರ್ಷಕ್ಕೆ ಶೇಕಡಾ 3ರಿಂದ 8ರಷ್ಟು ಕುಗ್ಗುತ್ತ ಹೋಗುತ್ತದೆ. ಪಂಕ್ತಿಯಲ್ಲಿ ನೆಲಕ್ಕೆ ಕುಳಿತವರು ಏಳುವಾಗ ಗೋಡೆಯನ್ನು ಹುಡುಕುವುದು ಇದರಿಂದಲೇ. ನಮ್ಮ ಗರಡಿಮನೆಗಳ ದಂಡ, ಬಸ್ಕಿಗಳು ಇದೇ ಕಾರ್ಯಕ್ಕೆ ಇದ್ದವು. ಐವತ್ತರ ಹೊಸಬರು ಕುರ್ಚಿಯ ಮೇಲೆ ಕುಳಿತು ಕೈ ಊರದೆ ಹತ್ತು ಸಾರೆ ಏಳಲಿ. ಗೋಡೆಗೆ ಅಂಗೈ ಕೊಟ್ಟು ಹತ್ತು ಸಾರೆ ಒತ್ತಲಿ. ತಿಂಗಳುಗಳು ಕಳೆದಂತೆ ಸಂಖ್ಯೆ ತಾನೇ ಏರುತ್ತದೆ.

ಎಚ್ಚರಿಕೆಯೂ ಅವಶ್ಯ. ನಡೆಯುವಾಗ ಎದೆಯಲ್ಲಿ ಬಿಗಿತ, ತಲೆಸುತ್ತು ಕಂಡರೆ ಅಲ್ಲಿಯೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಮಧುಮೇಹಕ್ಕೆ ಗುಳಿಗೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟ ಇಳಿಸುವ ಮೊದಲು ಅವರ ಸಲಹೆ ಪಡೆಯಲೇಬೇಕು. ಇಲ್ಲವಾದರೆ ಸಕ್ಕರೆ ಅಪಾಯಕರವಾಗಿ ಇಳಿದೀತು.

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. ಹೊಸ್ತಿಲಿನಿಂದ ಹಿಂದಿರುಗಲು ಬರುತ್ತದೆ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಊಟ ಮತ್ತು ನಡಿಗೆಗಳನ್ನು ತಿದ್ದಿಕೊಂಡವರಲ್ಲಿ ಮಧುಮೇಹಕ್ಕೆ ತಿರುಗುವ ಅಪಾಯ ಶೇಕಡಾ 28.5ರಷ್ಟು ಕಡಿಮೆಯಾಯಿತು.

ನಮ್ಮ ಸುತ್ತಳತೆ ಒಂದೂವರೆ ವರ್ಷದಲ್ಲಿ 98ರಿಂದ 91ಕ್ಕೆ ಇಳಿಯಿತು. ಭಾರತೀಯ ಗಂಡಸರಿಗೆ 90, ಹೆಣ್ಣುಮಕ್ಕಳಿಗೆ 80 ಸೆಂಟಿಮೀಟರ್ ಮೀರಬಾರದೆಂಬ ನಿಯಮವಿದೆ. ಇನ್ನೂ ಒಂದು ಸೆಂಟಿಮೀಟರಿನ ಸಾಲ ನಮ್ಮ ಮೇಲಿದೆ. ಶ್ರಾವಣದಲ್ಲಿ ಅದು ಕೊಂಚ ಏರುತ್ತದೆ, ಮತ್ತೆ ಇಳಿಸುತ್ತೇವೆ. ಅಣ್ಣನವರ ಮಗ ಈಗ ಅದೇ ಅಂಗಡಿಯ ಗಾದಿಯ ಮೇಲೆ ಕುಳಿತಿದ್ದಾನೆ, ಅವನಿಗೆ ನಲವತ್ತೆರಡು. ಮುಂಜಾನೆ ಅಂಗಡಿ ತೆರೆಯುವ ಮೊದಲು ಕೆರೆಯ ಏರಿಯ ಮೇಲೆ ಅವನನ್ನು ನಮ್ಮೊಡನೆ ಕರೆದೊಯ್ಯುತ್ತೇವೆ. ಮೊದಮೊದಲು ಅವನು ನಮಗಿಂತ ಹಿಂದೆ ಬೀಳುತ್ತಿದ್ದನು. ಈಗ ನಾವೇ ಅವನನ್ನು ಸಾವಕಾಶ ನಡೆಯೆನ್ನಬೇಕಾಗಿದೆ.

ಓದುಗ ಬಂಧುಗಳು ಈ ಹೊತ್ತೇ ಮನೆಯಲ್ಲಿರುವ ಅಳತೆಯ ಟೇಪು ತೆಗೆದು ಹೊಕ್ಕುಳಿನ ಮಟ್ಟದಲ್ಲಿ ಒಮ್ಮೆ ಸುತ್ತಿ ನೋಡಲಿ. ಬಂದ ಅಂಕಿಯನ್ನು ಜಮಾ-ಖರ್ಚಿನ ವಹಿಯಲ್ಲಿಯೇ ಬರೆದಿಡಲಿ. ತಿಂಗಳಿಗೊಮ್ಮೆ ಅದರ ಕೆಳಗೆ ಇನ್ನೊಂದು ಅಂಕಿ ಬರೆಯುತ್ತ ಹೋದರೆ, ಊಟವನ್ನು ಬಲ್ಲವರಾಗುವ ದಾರಿ ತಾನಾಗಿ ತೆರೆದುಕೊಳ್ಳುತ್ತದೆ.