ಹಸುಗಳ ಹೊಲದಲ್ಲಿ ಗಿಟಾರು

ಒಂದು ಪೌಂಡ್ ಕೊಟ್ಟರೆ ಹೊಲದಲ್ಲಿ ಕೂತು ಹಾಡು ಕೇಳಬಹುದು, ಜೊತೆಗೆ ಕೊಟ್ಟಿಗೆಯ ಹಾಲು ಪುಕ್ಕಟೆ. 1970ರ ಸೆಪ್ಟೆಂಬರ್ 19ರ ಶನಿವಾರ ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯ ಪಿಲ್ಟನ್ ಎಂಬ ಹಳ್ಳಿಯಲ್ಲಿ ನಡೆದ ಪಾಪ್ ಸಂಗೀತೋತ್ಸವದ ಕರಾರು ಇದು. ಹಿಂದಿನ ದಿನವಷ್ಟೇ ಲಂಡನ್ನಿನಲ್ಲಿ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ತೀರಿಕೊಂಡಿದ್ದರು. ಸುಮಾರು 1,500 ಮಂದಿ ಬಂದರು. ಬರಬೇಕಿದ್ದ ಕಿಂಕ್ಸ್ ತಂಡ ಕೈಕೊಟ್ಟಿತು, ಬದಲಿಗೆ ಮಾರ್ಕ್ ಬೋಲನ್ ಅವರ ಟಿರಾನೊಸಾರಸ್ ರೆಕ್ಸ್ ಸಿಕ್ಕಿತು. ಸಂಭಾವನೆ 500 ಪೌಂಡ್. ಹೊಲದ ಯಜಮಾನ ಮೈಕೆಲ್ ಈವಿಸ್ ಹತ್ತಿರ ಅಷ್ಟು ಹಣ ಇರಲಿಲ್ಲ. ಹಾಲು ಮಾರಿ ಬಂದ ದುಡ್ಡಿನಲ್ಲಿ ತಿಂಗಳಿಗೆ 100 ಪೌಂಡಿನಂತೆ ಕಂತು ಕಟ್ಟಿ ತೀರಿಸಿದರು.

ಬ್ಯಾಂಕಿನ ಸಾಲ ಇಳಿಸಿಕೊಳ್ಳಲು ಶುರು ಮಾಡಿದ್ದು ಆ ಉತ್ಸವ. ಕೊನೆಗೆ ಮೈಮೇಲೆ ಬಂದದ್ದು ಇನ್ನಷ್ಟು ಸಾಲ.

ಅದನ್ನೇ ಇಂದು ಗ್ಲಾಸ್ಟನ್‌ಬರಿ ಉತ್ಸವ ಎನ್ನುತ್ತಾರೆ. ಜೂನ್ ತಿಂಗಳ ಕೊನೆಗೆ ಅದೇ ಹೊಲಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಜನ ಸೇರುತ್ತಾರೆ. 2025ರಲ್ಲಿ ಒಂದು ಟಿಕೆಟ್ಟಿಗೆ 373.50 ಪೌಂಡ್. ಮುಖ್ಯ ವೇದಿಕೆಯಲ್ಲಿ ಯಾರು ಹಾಡುತ್ತಾರೆ ಎಂಬುದು ಗೊತ್ತಾಗುವ ಮೊದಲೇ, ಮುಕ್ಕಾಲು ಗಂಟೆಯೊಳಗೆ, ಎಲ್ಲ ಖರ್ಚಾಗಿತ್ತು. ಗ್ಲಾಸ್ಟನ್‌ಬರಿ ಪಟ್ಟಣ ಇರುವುದು ಹತ್ತು ಕಿಲೊಮೀಟರ್ ಆಚೆ. ಹೆಸರು ಅದರದು, ಕೆಸರು ಪಿಲ್ಟನ್ನಿನದು.

1970ರ ಕಾಲಕ್ಕೆ ಈವಿಸ್ ಅವರದು ಲೆಕ್ಕಕ್ಕೇ ಸಿಗದಷ್ಟು ಸಣ್ಣ ಕೂಟ. ಒಂದು ವರ್ಷದ ಹಿಂದೆ, 1969ರ ಆಗಸ್ಟಿನಲ್ಲಿ, ಅಮೆರಿಕದಲ್ಲಿ ವುಡ್‌ಸ್ಟಾಕ್ ಉತ್ಸವ ನಡೆದಿತ್ತು. ಅದೂ ವುಡ್‌ಸ್ಟಾಕ್ ಊರಿನಲ್ಲಿ ನಡೆದದ್ದಲ್ಲ. ನ್ಯೂಯಾರ್ಕ್ ರಾಜ್ಯದ ಬೆತೆಲ್ ಎಂಬಲ್ಲಿ, ಮ್ಯಾಕ್ಸ್ ಯಾಸ್ಗರ್ ಎಂಬ ಹೈನುಗಾರರ ಜಮೀನಿನಲ್ಲಿ ನಡೆದದ್ದು. ಸೇರಿದವರು ನಾಲ್ಕು ಲಕ್ಷಕ್ಕೂ ಹೆಚ್ಚು. ಅಲ್ಲಿ ಮಳೆಯ ನಡುವೆ ಸಿತಾರ್ ನುಡಿಸಿದ ರವಿಶಂಕರ್ ಅವರಿಗೆ, ಕೆಸರಲ್ಲಿ ಹೊರಳುತ್ತಿದ್ದ ಆ ಜನರನ್ನು ಕಂಡು ಭಾರತದ ಎಮ್ಮೆಗಳು ನೆನಪಾದವಂತೆ. ಹೊಗಳಿ ಹೇಳಿದ ಮಾತಲ್ಲ. ಉತ್ಸವ ಮುಗಿದ ಮೇಲೆ ಯಾಸ್ಗರ್ ಮೇಲೆ ನೆರೆಯವರೇ ದಾವೆ ಹೂಡಿದರು. ಮರುವರ್ಷವೂ ಹೊಲ ಕೊಡಿ ಎಂದು ಕೇಳಿದವರಿಗೆ ಅವರು ಒಲ್ಲೆ ಎಂದು ಹೇಳಿ ತಮ್ಮ ಹೈನು ಕೆಲಸಕ್ಕೆ ಮರಳಿದರು. ಬ್ರಿಟನ್ನಿನ ಐಲ್ ಆಫ್ ವೈಟ್ ದ್ವೀಪದ ಕಥೆ ಇನ್ನೂ ಗಡುಸು. 1970ರಲ್ಲಿ ಅಲ್ಲಿಗೆ ಲಕ್ಷಗಟ್ಟಲೆ ಜನ ನುಗ್ಗಿ, ಬೇಲಿ ಮುರಿದು, ಉತ್ಸವವನ್ನು ಪುಕ್ಕಟೆಯಾಗಿಸಿದರು. ಮರುವರ್ಷವೇ ದ್ವೀಪದಲ್ಲಿ ರಾತ್ರಿ ಹೊತ್ತು 5,000ಕ್ಕಿಂತ ಹೆಚ್ಚು ಜನ ಬಯಲಲ್ಲಿ ಸೇರಲು ಪರವಾನಗಿ ಬೇಕೆಂಬ ಕಾಯ್ದೆ ಬಂತು. ಉತ್ಸವ ನಿಂತೇಹೋಯಿತು, ಮತ್ತೆ ಶುರುವಾಗಲು 2002 ಬರಬೇಕಾಯಿತು.

ದೊಡ್ಡವು ಬಿದ್ದುಹೋದ ಕಾಲದಲ್ಲಿ ಈ ಸಣ್ಣದು ಹೇಗೆ ಉಳಿಯಿತು? ಹಾಡುಗಾರರಿಂದ ಉಳಿಯಿತು ಎಂದು ನನಗೆ ಅನ್ನಿಸುವುದಿಲ್ಲ. ಬೇರೆ ಕಡೆಗಳಲ್ಲಿ ಸಂಘಟಕರು ಒಬ್ಬರು, ಹೊಲದವರು ಇನ್ನೊಬ್ಬರು. ಪಿಲ್ಟನ್ನಿನಲ್ಲಿ ಟಿಕೆಟ್ ಮಾರಿದವರೂ, ಮರುದಿನ ಅದೇ ನೆಲದಲ್ಲಿ ದನ ಮೇಯಿಸಬೇಕಾದವರೂ ಒಬ್ಬರೇ. ಗ್ಲಾಸ್ಟನ್‌ಬರಿಯ ಅರ್ಧಕ್ಕರ್ಧ ಪದ್ಧತಿಗಳು ಹುಟ್ಟಿದ್ದು ಈ ಕಟ್ಟುಪಾಡಿನಿಂದ.

ಈವಿಸ್ ಹುಟ್ಟಿದ್ದು 1935ರಲ್ಲಿ, ಮೆಥಡಿಸ್ಟ್ ಪಂಥದ ಕುಟುಂಬದಲ್ಲಿ. ವಾಣಿಜ್ಯ ಹಡಗಿನ ಕೆಲಸ ಹಿಡಿದಿದ್ದ ಹುಡುಗ, 1954ರಲ್ಲಿ ತಂದೆ ತೀರಿಕೊಂಡಾಗ ಊರಿಗೆ ವಾಪಸಾಗಬೇಕಾಯಿತು. ಆಗ ವಯಸ್ಸು ಹತ್ತೊಂಬತ್ತು. ಪಾಲಿಗೆ ಬಂದದ್ದು ವರ್ದಿ ಫಾರ್ಮ್ ಎಂಬ 150 ಎಕರೆ ಜಮೀನು, ಸುಮಾರು ಅರವತ್ತು ಹಸು ಮತ್ತು ಅಡಮಾನದ ಸಾಲ. 1970ರ ಜೂನಿನಲ್ಲಿ ಹತ್ತಿರದ ಶೆಪ್ಟನ್ ಮ್ಯಾಲೆಟ್‌ನಲ್ಲಿ ಲೆಡ್ ಜೆಪ್ಲಿನ್ ತಂಡವನ್ನು ಕೇಳಿಬಂದವರು, ಮೂರು ತಿಂಗಳೊಳಗೆ ತಮ್ಮ ಹೊಲದಲ್ಲೇ ವೇದಿಕೆ ಹಾಕಿದರು.

1971ರಲ್ಲಿ ಉತ್ಸವವನ್ನು ಕೈಗೆತ್ತಿಕೊಂಡವರು ಬೇರೆಯವರು. ಆಂಡ್ರ್ಯೂ ಕೆರ್ ಮತ್ತು ವಿನ್‌ಸ್ಟನ್ ಚರ್ಚಿಲ್ ಅವರ ಮೊಮ್ಮಗಳು ಆರಬೆಲ್ಲಾ ಚರ್ಚಿಲ್ ಸೇರಿ, ಉತ್ತರಾಯಣ ಮುಗಿಯುವ ಜೂನ್ ಸಂಧಿಕಾಲಕ್ಕೆ ಹೊಂದಿಸಿ ಪ್ರವೇಶ ದರವೇ ಇಲ್ಲದ ಮೇಳ ನಡೆಸಿದರು. ಬಿಲ್ ಹಾರ್ಕಿನ್ ಕಬ್ಬಿಣದ ಕೊಳವೆ, ತಗಡು, ಪ್ಲಾಸ್ಟಿಕ್ ಹಾಳೆಗಳಿಂದ ಪಿರಮಿಡ್ ಆಕಾರದ ವೇದಿಕೆ ಕಟ್ಟಿದರು. ನಸುಕಿನಲ್ಲಿ ಗಾಯಕ ಡೇವಿಡ್ ಬೋವಿ ಹಾಡಿದರು. ಭೂಮಿಯೊಳಗೆ ಶಕ್ತಿಯ ಗೆರೆಗಳು ಹರಿಯುತ್ತವೆ, ವೇದಿಕೆ ಅಂಥದೊಂದು ಗೆರೆಯ ಮೇಲೆಯೇ ನಿಂತಿದೆ ಎಂದು ಕಟ್ಟಿದವರು ನಂಬಿದ್ದರು. ಈ ಗೆರೆಗಳ ವಿಷಯದಲ್ಲಿ ನನಗೆ ನಂಬಿಕೆಯಿಲ್ಲ. ಆದರೆ ಜಾಗದ ಆಯ್ಕೆ ಚೆನ್ನಾಗಿತ್ತು. ಸುತ್ತ ಇಳಿಜಾರು, ನಡುವೆ ತಗ್ಗು, ಹಿಂದೆ ಕೂತವರಿಗೂ ವೇದಿಕೆ ಕಾಣುತ್ತದೆ.

ಆಮೇಲೆ ಬಹಳ ವರ್ಷ ಏನೂ ಇಲ್ಲ. 1978ರಲ್ಲಿ ಪ್ರಾಚೀನ ಶಿಲಾವೃತ್ತದ ತಾಣವಾದ ಸ್ಟೋನ್‌ಹೆಂಜ್‌ನಿಂದ ಹೊರಟ ಅಲೆಮಾರಿಗಳ ಗಾಡಿಗಳು, ಇಲ್ಲಿ ಉತ್ಸವವಿದೆಯೆಂದು ನಂಬಿ ಬಂದಿಳಿದವು. ಬಂದವರಿಗಾಗಿ ಪುಟ್ಟದೊಂದು ಉತ್ಸವ ನಡೆಸಬೇಕಾಯಿತು. 1979ರದ್ದು ಮತ್ತೆ ನಷ್ಟ.

ಗ್ಲಾಸ್ಟನ್‌ಬರಿ ನೆಲೆ ನಿಂತದ್ದು 1981ರಲ್ಲಿ. ಆ ವರ್ಷ ಈವಿಸ್ ಅಣ್ವಸ್ತ್ರ ವಿರೋಧಿ ಚಳವಳಿಯ ಜೊತೆ ಕೈಜೋಡಿಸಿದರು. ಶೀತಲ ಸಮರದ ಭಯ ಎಲ್ಲೆಲ್ಲೂ ಇದ್ದ ಹೊತ್ತು. ಹಾಡು ಕೇಳಲು ಬರುವವರಿಗೆ ಒಂದು ಕಾರಣವೂ ಸಿಕ್ಕಿತು. ಅದೇ ವರ್ಷ ಎರಡನೆಯ ಪಿರಮಿಡ್ ಎದ್ದಿತು, ಈ ಸಲ ಕಾಯಂ ಕಟ್ಟಡವಾಗಿ. ಟೆಲಿಗ್ರಾಫ್ ಕಂಬಗಳು, ಸೇನೆಯ ಗುಜರಿಯಿಂದ ಬಂದ ತಗಡುಗಳು. ವರ್ಷದಲ್ಲಿ ಕೆಲವೇ ದಿನ ಬಳಸುವ ವೇದಿಕೆಗೆ ಇಷ್ಟು ಖರ್ಚು ಮಾಡುವ ರೈತ ಎಲ್ಲೂ ಇರಲಾರ. ಅದಕ್ಕೇ ಬೇಸಿಗೆಯಲ್ಲಿ ಅದು ರಾಕ್ ತಂಡಗಳಿಗೆ, ಚಳಿಗಾಲದಲ್ಲಿ ಹಸುಗಳಿಗೆ ಮತ್ತು ಮೇವಿಗೆ. ಹದಿಮೂರು ವರ್ಷ ಹೀಗೇ ನಡೆಯಿತು. 1994ರ ಉತ್ಸವಕ್ಕೆ ಕೆಲವೇ ದಿನ ಇರುವಾಗ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ತಾತ್ಕಾಲಿಕ ವೇದಿಕೆ ಹಾಕಿ ಉತ್ಸವ ನಡೆಸಿದರು. ಟಿವಿಯಲ್ಲಿ ಉತ್ಸವ ಮೊದಲ ಸಲ ಪ್ರಸಾರವಾದದ್ದೂ ಅದೇ ವರ್ಷ.

ಬೇಲಿಯ ಕಥೆಯನ್ನು ಇಲ್ಲಿ ಹೇಳಲೇಬೇಕು. ವರ್ಷಾನುಗಟ್ಟಲೆ ಎಷ್ಟೋ ಜನ ಬೇಲಿ ಹಾರಿ ಬಂದವರು. ಈವಿಸ್‌ಗೆ ಅದು ಗೊತ್ತಿತ್ತು, ಕಂಡೂ ಕಾಣದಂತಿದ್ದದ್ದೂ ಉಂಟು. 1983ರಿಂದ ಸ್ಥಳೀಯ ಆಡಳಿತದ ಪರವಾನಗಿ ಕಡ್ಡಾಯವಾದ ಮೇಲೆ ಈ ಉದಾರತೆ ದುಬಾರಿಯಾಯಿತು. ಷರತ್ತು ಮೀರಿದ ಆರೋಪದ ಮೇಲೆ ಕೋರ್ಟಿಗೂ ಅಲೆದರು, ಗೆದ್ದು ಬಂದರು. 1990ರ ಉತ್ಸವ ಮುಗಿಯುತ್ತಿದ್ದಂತೆ ಅಲೆಮಾರಿಗಳಿಗೂ ಕಾವಲುಗಾರರಿಗೂ ಹೊಡೆದಾಟವಾಯಿತು. ಮರುವರ್ಷ ಉತ್ಸವವಿಲ್ಲ. 2000ದಲ್ಲಿ ಪರವಾನಗಿ ಇದ್ದದ್ದು ಒಂದು ಲಕ್ಷ ಜನರಿಗೆ, ಒಳಗಿದ್ದವರು ಅದರ ಎರಡು ಪಟ್ಟಿಗೂ ಮೇಲೆ ಎಂಬ ಅಂದಾಜು. ಅದೇ ಬೇಸಿಗೆಯಲ್ಲಿ ಡೆನ್ಮಾರ್ಕಿನ ರೊಸ್ಕಿಲ್ಡ್ ಉತ್ಸವದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಒಂಬತ್ತು ಮಂದಿ ಸತ್ತರು. ಇನ್ನು ಬೇಲಿ ಹಾರುವುದನ್ನು ತಮಾಷೆಯಾಗಿ ನೋಡುವಂತಿರಲಿಲ್ಲ. 2001ರಲ್ಲಿ ರಜೆ. 2002ರಲ್ಲಿ ಮೀನ್ ಫಿಡ್ಲರ್ ಕಂಪನಿ ಕಾವಲಿನ ಹೊಣೆ ಹೊತ್ತಿತು, ಹೊಲದ ಸುತ್ತ ಕೋಟೆಯಂಥ ಉಕ್ಕಿನ ಗೋಡೆ ಎದ್ದಿತು. 2007ರಿಂದ ಟಿಕೆಟ್ ಬೇಕಾದವರು ಮೊದಲೇ ಫೋಟೊ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಹಳೆಯ ಗ್ಲಾಸ್ಟನ್‌ಬರಿ ಸತ್ತದ್ದು ಆ ಗೋಡೆ ಬಂದ ದಿನ ಎಂದು ಮರುಗುವವರು ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೆ ಗೋಡೆ ಬರದಿದ್ದರೆ ಸಾಯುತ್ತಿದ್ದದ್ದು ಇಡೀ ಉತ್ಸವ.

ರೈತನ ಲೆಕ್ಕ ಎದ್ದು ಕಾಣುವುದು ಬೀಳು ವರ್ಷದಲ್ಲಿ. ಸತತ ಬಿತ್ತನೆಯಿಂದ ದಣಿದ ಹೊಲವನ್ನು ನಮ್ಮಲ್ಲಿ ಬೀಳು ಬಿಡುವಂತೆ, ಕೆಲವು ವರ್ಷಗಳಿಗೊಮ್ಮೆ ಪಿಲ್ಟನ್ನಿನಲ್ಲಿ ಉತ್ಸವವನ್ನೇ ಕೈಬಿಡುತ್ತಾರೆ. 1988, 1996, 2006, 2012, 2018 ಇಂಥ ವರ್ಷಗಳು. 2012ಕ್ಕೆ ಇನ್ನೊಂದು ಕಾರಣವೂ ಕೂಡಿತ್ತು. ಆ ಬೇಸಿಗೆಯಲ್ಲಿ ಲಂಡನ್ ಒಲಿಂಪಿಕ್ಸ್ ಇದ್ದುದರಿಂದ ತಾತ್ಕಾಲಿಕ ಶೌಚಾಲಯಗಳಿಗೂ ಪೊಲೀಸರಿಗೂ ಬರ ಬರುತ್ತದೆ ಎಂದು ಈವಿಸ್ ಹೇಳಿದ್ದರು. ನಡೆಯುವ ವರ್ಷಗಳಲ್ಲಿ ಹಸುಗಳು ದೊಡ್ಡ ಕೊಟ್ಟಿಗೆಯೊಳಗೇ ಇರಬೇಕು. ಜನ ಹೋದ ಮೇಲೆ ಕಸ ಹೆಕ್ಕುವವರ ಪಡೆ ಹೊಲಕ್ಕಿಳಿಯುತ್ತದೆ. ಗುಡಾರದ ಲೋಹದ ಗೂಟವೊಂದು ಹುಲ್ಲಿನಲ್ಲಿ ಉಳಿದರೂ ಸಾಕು, ಗೊರಸಿಗೆ ಚುಚ್ಚುತ್ತದೆ, ಇಲ್ಲವೇ ಮೇವಿನೊಂದಿಗೆ ಹೊಟ್ಟೆ ಸೇರುತ್ತದೆ. ಮೊಳೆ ನುಂಗಿದ ದನವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಎಲ್ಲವೂ ಸುಸೂತ್ರ ಎಂದಲ್ಲ. 2014ರಲ್ಲಿ ಮಲದ ತೊಟ್ಟಿಯೊಂದು ಸೋರಿ ಪಕ್ಕದ ವೈಟ್‌ಲೇಕ್ ಹೊಳೆಯ ಮೀನುಗಳು ಸತ್ತವು. ನ್ಯಾಯಾಲಯ ದಂಡ ಮತ್ತು ವೆಚ್ಚ ಸೇರಿಸಿ 31,000 ಪೌಂಡ್ ಕಟ್ಟಿಸಿತು.

ಲಾಭದ ಪಾಲು ಆಕ್ಸ್‌ಫ್ಯಾಮ್, ಗ್ರೀನ್‌ಪೀಸ್, ವಾಟರ್‌ಏಡ್ ಸಂಸ್ಥೆಗಳಿಗೆ ಹೋಗುತ್ತದೆ, ಒಂದಿಷ್ಟು ಊರಿಗೂ ಸಲ್ಲುತ್ತದೆ. ಊರಿನ ಹಳೆಯ ಕಾಳಿನ ಕಣಜದ ದುರಸ್ತಿಗೆ, ಸ್ಥಳೀಯ ಕೆಲಸಗಾರರ ಬಾಡಿಗೆ ಮನೆಗಳಿಗೆ ಈವಿಸ್ ನೆರವಾಗಿದ್ದಾರೆ. ಎರಡು ಲಕ್ಷ ಜನರ ಗದ್ದಲ ಸಹಿಸುವ ಹಳ್ಳಿಯ ಜೊತೆ ಹೊಂದಿಕೊಂಡು ಹೋಗದೆ ವಿಧಿಯಿಲ್ಲ, ಈವಿಸ್ ಕೂಡ ಅದೇ ಊರಿನಲ್ಲಿ ಬಾಳಬೇಕಲ್ಲ.

ಹೆಸರನ್ನು ಎಲ್ಲಿಗೆ ಬೇಕಾದರೂ ಹೊತ್ತೊಯ್ಯಬಹುದು, ಹೊಲವನ್ನಲ್ಲ. 1999ರಲ್ಲಿ ವುಡ್‌ಸ್ಟಾಕ್ ಹೆಸರಿನಲ್ಲಿ ನ್ಯೂಯಾರ್ಕ್ ರಾಜ್ಯದ ಹಳೆಯ ವಾಯುನೆಲೆಯೊಂದರಲ್ಲಿ ಉತ್ಸವ ಮಾಡಿದರು. ನೆರಳಿಲ್ಲದ ಡಾಂಬರು, ಸುಡು ಬಿಸಿಲು, ನಾಲ್ಕು ಡಾಲರಿಗೊಂದು ನೀರಿನ ಬಾಟಲಿ. ಕೊನೆಯ ರಾತ್ರಿ ಜನ ಕೈಗೆ ಸಿಕ್ಕಿದ್ದಕ್ಕೆಲ್ಲ ಬೆಂಕಿ ಇಟ್ಟರು. ಐವತ್ತನೆಯ ವರ್ಷಕ್ಕೆಂದು 2019ರಲ್ಲಿ ಯೋಜಿಸಿದ್ದು ಹೊಸ ಜಾಗ ಹುಡುಕುವುದರಲ್ಲೇ ದಿನ ಕಳೆದು ರದ್ದಾಯಿತು.

ಪಿಲ್ಟನ್ನಿನಲ್ಲಿ ಈಗ ಮಗಳು ಎಮಿಲಿ ಈವಿಸ್ ಕಾರುಬಾರು ನೋಡಿಕೊಳ್ಳುತ್ತಾರೆ. 2024ರಲ್ಲಿ ‘ಸರ್’ ಪದವಿ ಪಡೆದ ತಂದೆಗೆ ತೊಂಬತ್ತರ ಪ್ರಾಯ. 2026 ಮತ್ತೊಂದು ಬೀಳು ವರ್ಷ. ಬೇಡಿಕೆ ಹೀಗಿರುವಾಗ ಒಂದು ವರ್ಷದ ಅಷ್ಟೂ ಆದಾಯ ಬಿಟ್ಟುಕೊಡಿ ಎಂದರೆ ಯಾವ ಕಂಪನಿಯ ಲೆಕ್ಕಿಗನೂ ಸುಮ್ಮನೆ ಒಪ್ಪಲಾರ. ಇಲ್ಲಿ ಆ ನಿರ್ಧಾರ ಹೊಲದ ಮನೆಯವರದು. ಮುಂದಿನ ಟಿಕೆಟ್ 2027ಕ್ಕೆ.