ನೂಲಾಗುವ ಮೊದಲೇ ಹಿಡಿದ ಬಣ್ಣ

ಹುಟ್ಟಾ ಪಕ್ಷನಿಷ್ಠರನ್ನು, ಯಾವ ಗಾಳಿಗೂ ನಿಲುವು ಬದಲಿಸದವರನ್ನು ಇಂಗ್ಲಿಷಿನಲ್ಲಿ ‘ಡೈಡ್ ಇನ್ ದ ವೂಲ್’ ಎನ್ನುತ್ತಾರೆ. ಈ ಮಾತು ಬಂದದ್ದು ಬಣ್ಣಗಾರರ ಕಸುಬಿನಿಂದ. ಬಣ್ಣವನ್ನು ನೇಯ್ದ ಬಟ್ಟೆಗೆ ಹಾಕಬಹುದು, ನೂಲಿಗೆ ಹಾಕಬಹುದು, ಇಲ್ಲವೇ ನೂಲುವುದಕ್ಕೂ ಮುಂಚೆ ಬಿಡಿ ಉಣ್ಣೆಗೇ ಹಾಕಬಹುದು. ಮೂರನೆಯದು ಈ ನುಡಿಗಟ್ಟಿನ ಮೂಲ. ಆ ಪದ್ಧತಿ ಇಂದಿಗೂ ಸೊಗಸಾಗಿ ಉಳಿದಿರುವುದು ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ, ಹ್ಯಾರಿಸ್ ಟ್ವೀಡ್ ಬಟ್ಟೆಯಲ್ಲಿ.

ಬಿಡಿ ಉಣ್ಣೆಗೇ ಯಾಕೆ? ಹುರಿ ಬಿದ್ದ ಮೇಲೆ ನೂಲಿನ ಎಳೆಗಳು ಒತ್ತಿಕೊಂಡು ಕೂರುತ್ತವೆ. ನೇಯ್ದ ಮೇಲಂತೂ ಹಾಸು ಹೊಕ್ಕುಗಳು ಒಂದನ್ನೊಂದು ಮುಚ್ಚುತ್ತವೆ. ಬಣ್ಣ ಒಳಗೆ ಇಳಿಯದಿದ್ದರೆ ಬಟ್ಟೆ ಸವೆದಂತೆಲ್ಲ ಅಲ್ಲಲ್ಲಿ ಬಿಳಿ ಇಣುಕುತ್ತದೆ. ಬಿಡಿ ಉಣ್ಣೆಯಲ್ಲಾದರೆ ಒಂದೊಂದು ಎಳೆಯ ಸುತ್ತಲೂ ಬಣ್ಣದ ನೀರು ಹರಿದಾಡುತ್ತದೆ.

ಕೆಲಸ ತಾಳ್ಮೆಯದು. ಮೊದಲು ಕುರಿಯ ಮೈಜಿಡ್ಡು ಹೋಗುವಂತೆ ತೊಳೆಯಬೇಕು, ಜಿಡ್ಡಿದ್ದಲ್ಲಿ ಬಣ್ಣ ಸಮನಾಗಿ ಹಿಡಿಯದು. ಕಾವನ್ನು ಮೆಲ್ಲಗೆ ಏರಿಸಬೇಕು. ಬಿಸಿನೀರಲ್ಲಿ ಜೋರಾಗಿ ಕಲಕಿದರೆ ಎಳೆಗಳ ಮೇಲಿನ ಸೂಕ್ಷ್ಮ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಉಣ್ಣೆ ಗಟ್ಟಿಯಾಗಿಬಿಡುತ್ತದೆ. ಹಿಂದೆ ದ್ವೀಪದ ಹೆಂಗಸರು ಬಂಡೆಗಳ ಮೇಲಿನ ಕಲ್ಲುಹೂವನ್ನು ಕೆರೆದು ತಂದು, ಕಬ್ಬಿಣದ ಹಂಡೆಯಲ್ಲಿ ಒಂದು ಪದರ ಉಣ್ಣೆ, ಒಂದು ಪದರ ಕಲ್ಲುಹೂವು ಹಾಸಿ ಗಂಟೆಗಟ್ಟಲೆ ಕುದಿಸುತ್ತಿದ್ದರು. ‘ಕ್ರೋಟಲ್’ ಎಂಬ ಆ ಕಲ್ಲುಹೂವಿಗೆ ಪಟಿಕದ ನೆರವೂ ಬೇಡ, ತಾನಾಗಿಯೇ ಗಟ್ಟಿ ಕೆಂಗಂದು ಬಣ್ಣ ಕೊಡುತ್ತದೆ. ಈಗ ಗಿರಣಿಗಳಲ್ಲಿ ರಾಸಾಯನಿಕ ಬಣ್ಣಗಳು ಬಂದಿವೆ. ಆದರೆ ಮೊದಲು ಬಣ್ಣ, ಆಮೇಲೆ ನೂಲು ಎಂಬ ಕ್ರಮ ಬದಲಾಗಿಲ್ಲ.

ಕಸುಬಿನ ನಿಜವಾದ ಸೊಗಸು ಇರುವುದು ಮುಂದಿನ ಹಂತದಲ್ಲಿ. ಬೇರೆ ಬೇರೆ ಬಣ್ಣದ ಉಣ್ಣೆಗಳನ್ನು ತೂಕದ ಲೆಕ್ಕದಲ್ಲಿ ಬೆರೆಸಿ, ಹಿಂಜಿ, ಆಮೇಲೆ ನೂಲುತ್ತಾರೆ. ಒಂದು ಹಸಿರು ಟ್ವೀಡಿನ ಅಂಚಿನಿಂದ ಒಂದೇ ನೂಲನ್ನು ಎಳೆದು ಹುರಿ ಬಿಚ್ಚಿ ನೋಡಿ: ನೀಲಿ, ಹಳದಿ, ಕಂದು, ಒಂದೆರಡು ಕಿತ್ತಳೆ ಎಳೆಗಳೂ ಸಿಕ್ಕಾವು. ಅವು ಕರಗಿ ಒಂದಾಗಿಲ್ಲ, ಜೊತೆಯಲ್ಲಿವೆ. ದೂರದಿಂದ ಗುಡ್ಡದ ಹುಲ್ಲಿನಂತೆ ಒಂದೇ ಬಣ್ಣವಾಗಿ ಕಾಣುವುದು ನಮ್ಮ ಕಣ್ಣು ಅವನ್ನು ಕೂಡಿಸುವುದರಿಂದ. ಬಿಳಿ ಬಟ್ಟೆಯನ್ನು ಹಸಿರು ನೀರಲ್ಲಿ ಅದ್ದಿದರೆ ಈ ಆಳ ಬಾರದು.

ಬ್ರಿಟನ್ನಿನ 1993ರ ಹ್ಯಾರಿಸ್ ಟ್ವೀಡ್ ಕಾಯ್ದೆ ಇದನ್ನೆಲ್ಲ ಕಾಪಾಡುತ್ತಿದೆ. ಉಣ್ಣೆಗೆ ಬಣ್ಣ ಹಾಕುವುದು, ನೂಲುವುದು ಆ ದ್ವೀಪಗಳಲ್ಲೇ ಆಗಬೇಕು. ನೇಯುವವರು ತಮ್ಮ ಮನೆಯಲ್ಲೇ ಕೂತು ಕೈಮಗ್ಗದಲ್ಲಿ ನೇಯಬೇಕು. ಆದರೆ ಬಟ್ಟೆ ಯಾವ ಬಣ್ಣವಾಗಬೇಕೆಂಬ ತೀರ್ಮಾನದ ಬಹುಪಾಲು ಅವರ ಮಗ್ಗ ತಲುಪುವ ಮೊದಲೇ ಆಗಿರುತ್ತದೆ. ಹೆಚ್ಚಾಗಿ ಬಿದ್ದ ಒಂದು ಹಿಡಿ ಹಳದಿಯನ್ನು ನೂಲಿನಿಂದ ಹಿಂದಕ್ಕೆ ತೆಗೆಯಲಾಗದು. ಹಾಗಾಗಿ ಬಣ್ಣಗಾರರು ಬಿಡಿ ಉಣ್ಣೆಯ ರಾಶಿಯ ಮುಂದೆ ನಿಂತಾಗಲೇ ಮುಗಿದ ಬಟ್ಟೆಯನ್ನು ಕಾಣಬಲ್ಲವರಾಗಿರಬೇಕು. ಆ ಮುಂಗಾಣ್ಕೆಯೇ ಈ ಕಸುಬಿನ ಹಿರಿಮೆ.