ಗಲ್ಫ್‌ಗೆ ಕೆಲಸಕ್ಕೆ ಹೊರಟಿದ್ದೀರಾ? ಟಿಕೆಟ್‌ಗೂ ಮುನ್ನ ಇವನ್ನು ಪರಿಶೀಲಿಸಿ

ಅಹಮದಾಬಾದ್: ವಟ್ವಾ ಜಿಐಡಿಸಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಪಳಗಿದ ವೆಲ್ಡರ್, ಫಿಟ್ಟರ್‌ಗಳಿಗೆ ಗಲ್ಫ್ ಸಂಬಳ ದೊಡ್ಡ ಆಕರ್ಷಣೆ. ಆದರೆ ವಿಮಾನ ಹತ್ತುವ ಮುನ್ನ ಕಾಗದಪತ್ರ ಸರಿಯಿರಬೇಕು.

ಇಸಿಆರ್ ಎಂದರೇನು?: 10ನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತದೆ. ಇಂಥವರು ಸೌದಿ ಅರೇಬಿಯಾ, ಯುಎಇ, ಕತಾರ್, ಕುವೈತ್ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವುದಾದರೆ 1983ರ ವಲಸೆ ಕಾಯ್ದೆಯಡಿ ಅನುಮತಿ ಪಡೆಯಲೇಬೇಕು. ಪ್ರವಾಸಕ್ಕೆ ಇದು ಬೇಕಿಲ್ಲ.

ಮೋಸ ನಡೆಯುವುದು ಇಲ್ಲೇ: ಅನುಮತಿಯ ತೊಡಕು ತಪ್ಪಿಸಲು ಕೆಲ ದಲ್ಲಾಳಿಗಳು ವಿಸಿಟ್ ವೀಸಾದಲ್ಲೇ ಕಾರ್ಮಿಕರನ್ನು ಕಳುಹಿಸುತ್ತಾರೆ. ಹಾಗೆ ಹೋದವರ ಕೆಲಸ ಅಲ್ಲಿ ಅಕ್ರಮವಾಗುತ್ತದೆ. ಸಂಬಳ ಕೊಡದಿದ್ದರೂ ದೂರು ನೀಡುವುದು ಕಷ್ಟ.

ಏಜೆಂಟ್ ಅಸಲಿಯೇ?: ನೋಂದಾಯಿತ ಏಜೆಂಟರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆ. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂ. ಮತ್ತು ಜಿಎಸ್‌ಟಿ. ರಸೀದಿ ಕೇಳಿ ಪಡೆಯಿರಿ.

ವಿಮೆ: ಇಸಿಆರ್ ಕಾರ್ಮಿಕರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಅಪಘಾತದಲ್ಲಿ ಮೃತಪಟ್ಟರೆ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂ. ಪರಿಹಾರವಿದೆ.

ಮನೆಯಲ್ಲೊಂದು ಪ್ರತಿ: ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಪಾಸ್‌ಪೋರ್ಟ್, ವೀಸಾ, ಕೆಲಸದ ಒಪ್ಪಂದ ಹಾಗೂ ವಿಮೆಯ ಪ್ರತಿಗಳನ್ನು ಮನೆಯವರಿಗೆ ಕೊಟ್ಟು ಹೊರಡಿ. ಅಲ್ಲಿ ಮಾಲೀಕ ಪಾಸ್‌ಪೋರ್ಟ್ ಕಿತ್ತುಕೊಂಡರೆ ಭಾರತೀಯ ರಾಯಭಾರ ಕಚೇರಿಯ ಮುಂದೆ ಗುರುತು ಸಾಬೀತುಪಡಿಸಲು ಈ ಪ್ರತಿಗಳೇ ನೆರವಾಗುತ್ತವೆ.